ಜಿಮ್ ಥೋರ್ಪ್

ಜೇಮ್ಸ್ ಫ್ರಾನ್ಸಿಸ್ ಥೋರ್ಪ್ (1887 – ಮಾರ್ಚ್ 28, 1953) ಅಮೆರಿಕ ಸಂಯುಕ್ತ ಸಂಸ್ಥಾನದ ಮೂಲನಿವಾಸಿ ಸಮುದಾಯಕ್ಕೆ ಸೇರಿದ ಪ್ರಸಿದ್ಧ ಕ್ರೀಡಾಪಟು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಪೆಂಟಾಥ್ಲಾನ್ ಮತ್ತು ಡೆಕಾಥ್ಲಾನ್ ಸ್ಪರ್ಧೆಗಳೆರಡರಲ್ಲೂ ಚಿನ್ನದ ಪದಕ ಗಳಿಸಿದರು. ಅದೇ ವರ್ಷದ ಶರತ್ಕಾಲದಲ್ಲಿ ಕಾರ್ಲೈಲ್ ಇಂಡಿಯನ್ ಕೈಗಾರಿಕಾ ಶಾಲೆಯ ಅಮೆರಿಕನ್ ಫುಟ್‌ಬಾಲ್ ತಂಡದ ಪ್ರಧಾನ ಆಟಗಾರರಾಗಿ, ದೊಡ್ಡ ವಿಶ್ವವಿದ್ಯಾಲಯಗಳ ತಂಡಗಳನ್ನು ಸೋಲಿಸಿದ ಋತುವೊಂದಕ್ಕೆ ಕಾರಣರಾದರು. 1913ರಲ್ಲಿ ಅವರ ಪದಕಗಳನ್ನು ಹಿಂಪಡೆಯಲಾಯಿತು; ಆ ತೀರ್ಮಾನ ಸಂಪೂರ್ಣವಾಗಿ ಸರಿಹೋಗಲು 109 ವರ್ಷಗಳು ಬೇಕಾದವು.

ಜನನ ಮತ್ತು ಬಾಲ್ಯ

ಥೋರ್ಪ್ ಇಂದಿನ ಒಕ್ಲಹೋಮಾ ರಾಜ್ಯದ ಪ್ರೇಗ್ ಪಟ್ಟಣದ ಸಮೀಪ ಜನಿಸಿದರು. ಆಗ ಆ ಪ್ರದೇಶ ಇಂಡಿಯನ್ ಟೆರಿಟರಿ ಎಂದು ಕರೆಯಲ್ಪಡುತ್ತಿತ್ತು. ಜನ್ಮದಿನಾಂಕದ ಬಗ್ಗೆ ದಾಖಲೆಗಳಲ್ಲಿ ಏಕಾಭಿಪ್ರಾಯವಿಲ್ಲ. 1887ರ ಮೇ ತಿಂಗಳನ್ನು ಸಾಮಾನ್ಯವಾಗಿ ಒಪ್ಪಲಾಗಿದೆ. ತಂದೆ ಹಿರಮ್ ಥೋರ್ಪ್ ಸ್ಯಾಕ್ ಆ್ಯಂಡ್ ಫಾಕ್ಸ್ ಬುಡಕಟ್ಟಿನವರು. ತಾಯಿ ಶಾರ್ಲೆಟ್ ವಿಯೂ ಅವರದು ಪೊಟವಾಟಮಿ ಮತ್ತು ಫ್ರೆಂಚ್ ಮೂಲ. ಮಗನಿಗೆ ಇಟ್ಟ ಬುಡಕಟ್ಟಿನ ಹೆಸರು ವಾ-ಥೊ-ಹುಕ್. ಬೆಳಕು ಬಿದ್ದ ಹಾದಿ ಎಂಬುದು ಅದರ ಅರ್ಥ.

ಅವಳಿ ಸಹೋದರ ಚಾರ್ಲಿ ಒಂಬತ್ತನೆಯ ವಯಸ್ಸಿನಲ್ಲಿ ನ್ಯುಮೋನಿಯಾದಿಂದ ಮೃತಪಟ್ಟ ಬಳಿಕ ಥೋರ್ಪ್ ಪದೇ ಪದೇ ಶಾಲೆಯಿಂದ ಓಡಿಹೋಗತೊಡಗಿದರು. ಕಾನ್ಸಾಸ್‌ನ ಹ್ಯಾಸ್ಕೆಲ್ ಶಾಲೆಯಲ್ಲಿಯೂ ಅವರ ವಿದ್ಯಾಭ್ಯಾಸ ನಿಲ್ಲಲಿಲ್ಲ. ಹದಿಹರೆಯದಲ್ಲಿಯೇ ತಾಯಿಯನ್ನೂ, ಕಾರ್ಲೈಲ್ ಸೇರಿದ ಕೆಲವೇ ಸಮಯದಲ್ಲಿ ತಂದೆಯನ್ನೂ ಕಳೆದುಕೊಂಡರು.

ಕಾರ್ಲೈಲ್ ಶಾಲೆ

ಪೆನ್ಸಿಲ್ವೇನಿಯಾದ ಕಾರ್ಲೈಲ್ ಪಟ್ಟಣದಲ್ಲಿ ಸೇನಾಧಿಕಾರಿ ರಿಚರ್ಡ್ ಹೆನ್ರಿ ಪ್ರ್ಯಾಟ್ 1879ರಲ್ಲಿ ಹಳೆಯ ಸೇನಾ ವಸತಿಗಳಲ್ಲಿ ಈ ಶಾಲೆಯನ್ನು ಆರಂಭಿಸಿದರು. ಮೂಲನಿವಾಸಿ ಮಕ್ಕಳನ್ನು ಅವರ ಊರುಗಳಿಂದ ದೂರ ತಂದು, ಕೂದಲು ಕತ್ತರಿಸಿ, ಮಾತೃಭಾಷೆಯನ್ನು ನಿಷೇಧಿಸಿ, ಬಿಳಿಯರ ರೀತಿನೀತಿಗಳನ್ನು ಕಲಿಸುವುದು ಶಾಲೆಯ ಘೋಷಿತ ಉದ್ದೇಶವಾಗಿತ್ತು. ಮರಗೆಲಸ, ಹೊಲಿಗೆ, ಕಮ್ಮಾರಿಕೆ ಮುಂತಾದ ಕಸುಬುಗಳನ್ನು ಕಲಿಸುತ್ತಿದ್ದ ಈ ಸಂಸ್ಥೆ ನಿಜಾರ್ಥದಲ್ಲಿ ಕಾಲೇಜೇ ಆಗಿರಲಿಲ್ಲ. ಆದರೂ ಅದರ ತಂಡ ಹಾರ್ವರ್ಡ್, ಪೆನ್ಸಿಲ್ವೇನಿಯಾ ಮುಂತಾದ ವಿಶ್ವವಿದ್ಯಾಲಯಗಳ ವಿರುದ್ಧ ಸರಿಸಮನಾಗಿ ಆಡುತ್ತಿತ್ತು. ಪಂದ್ಯಗಳಲ್ಲಿ ಬಹುಪಾಲು ಪರಸ್ಥಳಗಳಲ್ಲಿಯೇ ನಡೆಯುತ್ತಿದ್ದವು, ಏಕೆಂದರೆ ದೊಡ್ಡ ನಗರಗಳ ಪ್ರವೇಶ ಶುಲ್ಕದ ಪಾಲು ಶಾಲೆಗೆ ಮುಖ್ಯ ಆದಾಯವಾಗಿತ್ತು.

1907ರಲ್ಲಿ ಥೋರ್ಪ್ ಮೈದಾನದ ಪಕ್ಕದಲ್ಲಿ ಹಾದುಹೋಗುತ್ತಿದ್ದಾಗ, ಎತ್ತರ ಜಿಗಿತದ ಅಭ್ಯಾಸ ನಡೆಸುತ್ತಿದ್ದವರಿಗೆ ದಾಟಲಾಗದ 5 ಅಡಿ 9 ಅಂಗುಲದ ಎತ್ತರವನ್ನು ದಿನಬಳಕೆಯ ಬಟ್ಟೆಯಲ್ಲಿಯೇ ಜಿಗಿದರೆಂದು ಪ್ರತೀತಿ. ತರಬೇತುದಾರ ಗ್ಲೆನ್ ವಾರ್ನರ್ (ಜನಪ್ರಿಯ ಹೆಸರು ಪಾಪ್ ವಾರ್ನರ್) ಅವರನ್ನು ಅಥ್ಲೆಟಿಕ್ಸ್ ತಂಡಕ್ಕೆ ಸೇರಿಸಿಕೊಂಡರು. ಒಳ್ಳೆಯ ಓಟಗಾರ ಗಾಯಗೊಂಡಾನೆಂಬ ಭಯದಿಂದ ಫುಟ್‌ಬಾಲ್ ಆಡಲು ಮೊದಲಿಗೆ ವಾರ್ನರ್ ಒಪ್ಪಿರಲಿಲ್ಲ.

1909 ಮತ್ತು 1910ರಲ್ಲಿ ಶಾಲೆ ಬಿಟ್ಟು ಉತ್ತರ ಕೆರೊಲಿನಾದಲ್ಲಿ ಅಲ್ಪ ವೇತನಕ್ಕೆ ಬೇಸ್‌ಬಾಲ್ ಆಡಿದರು. ಕಾಲೇಜು ಆಟಗಾರರು ಬೇಸಿಗೆಯಲ್ಲಿ ಹೀಗೆ ಆಡುವುದು ಆಗ ಸಾಮಾನ್ಯವಾಗಿತ್ತು. ಹಲವರು ಸುಳ್ಳು ಹೆಸರಿನಲ್ಲಿ ಆಡುತ್ತಿದ್ದರು. ಥೋರ್ಪ್ ತಮ್ಮ ಸ್ವಂತ ಹೆಸರಿನಲ್ಲಿಯೇ ಆಡಿದರು. 1911ರಲ್ಲಿ ಕಾರ್ಲೈಲ್‌ಗೆ ಮರಳಿ, ಹಾರ್ವರ್ಡ್ ವಿರುದ್ಧದ ಪಂದ್ಯದಲ್ಲಿ ನಾಲ್ಕು ಫೀಲ್ಡ್ ಗೋಲು ಗಳಿಸಿ ತಂಡಕ್ಕೆ 18–15ರ ಜಯ ತಂದುಕೊಟ್ಟರು.

ಸ್ಟಾಕ್‌ಹೋಮ್ ಒಲಿಂಪಿಕ್ಸ್

1912ರ ಜುಲೈನಲ್ಲಿ ಪೆಂಟಾಥ್ಲಾನ್‌ನ ಐದು ವಿಭಾಗಗಳ ಪೈಕಿ ನಾಲ್ಕರಲ್ಲಿ ಥೋರ್ಪ್ ಮೊದಲಿಗರಾದರು. ಡೆಕಾಥ್ಲಾನ್‌ನಲ್ಲಿ ಎರಡನೆಯ ಸ್ಥಾನ ಪಡೆದ ಸ್ವೀಡನ್ನಿನ ಹ್ಯೂಗೊ ವೀಸ್ಲಾಂಡರ್ ಅವರಿಗಿಂತ ಸುಮಾರು 700 ಅಂಕ ಹೆಚ್ಚು ಗಳಿಸಿದರು. ಸ್ಪರ್ಧೆಯ ನಡುವೆ ಅವರ ಶೂಗಳು ಕಾಣೆಯಾದ ಕಾರಣ ಹೊಂದಿಕೆಯಾಗದ ಶೂಗಳನ್ನು ತೊಟ್ಟು ಸ್ಪರ್ಧಿಸಿದರು. ಹಿಂದಿರುಗಿದಾಗ ನ್ಯೂಯಾರ್ಕ್ ನಗರ ಅವರನ್ನು ಮೆರವಣಿಗೆಯಲ್ಲಿ ಸ್ವಾಗತಿಸಿತು. ಮೂಲನಿವಾಸಿಗಳೆಲ್ಲರಿಗೂ ಅಮೆರಿಕದ ಪೌರತ್ವ ನೀಡುವ ಕಾನೂನು ಜಾರಿಗೆ ಬಂದದ್ದು ಇದಾಗಿ ಹನ್ನೆರಡು ವರ್ಷಗಳ ನಂತರ, 1924ರಲ್ಲಿ.

1912ರ ಫುಟ್‌ಬಾಲ್ ಋತು

ಭಾರತದಲ್ಲಿ ಫುಟ್‌ಬಾಲ್ ಎಂದು ಪರಿಚಿತವಾಗಿರುವ ಆಟಕ್ಕೂ ಅಮೆರಿಕನ್ ಫುಟ್‌ಬಾಲ್‌ಗೂ ಹೆಸರಿನ ಹೊರತು ಹೋಲಿಕೆ ಕಡಿಮೆ. ಅಂಡಾಕಾರದ ಚೆಂಡನ್ನು ಹಿಡಿದು ಓಡುವುದು, ಎಸೆಯುವುದು ಮತ್ತು ಎದುರಾಳಿಯನ್ನು ಕೆಡವುವುದು ಇಲ್ಲಿ ಮುಖ್ಯ. ಇದರ ನಿಯಮಗಳು ಆಧುನಿಕ ರೂಪಕ್ಕೆ ಬಂದದ್ದು 1912ರಲ್ಲಿಯೇ: ಮೈದಾನದ ಉದ್ದ 100 ಗಜಕ್ಕೆ ಇಳಿಯಿತು, ಹತ್ತು ಗಜ ಮುನ್ನಡೆಯಲು ಮೂರರ ಬದಲು ನಾಲ್ಕು ಅವಕಾಶ ದೊರೆಯಿತು, ಟಚ್‌ಡೌನ್‌ಗೆ ಐದರ ಬದಲು ಆರು ಅಂಕ ನಿಗದಿಯಾಯಿತು. ವೇಗ ಮತ್ತು ಚುರುಕನ್ನೇ ನಂಬಿದ್ದ, ದೇಹತೂಕದಲ್ಲಿ ಹಿಂದಿದ್ದ ಕಾರ್ಲೈಲ್ ತಂಡಕ್ಕೆ ಈ ಬದಲಾವಣೆಗಳು ಅನುಕೂಲಕರವಾಗಿದ್ದವು.

ಆ ಋತುವಿನಲ್ಲಿ ತಂಡ 14 ಪಂದ್ಯಗಳನ್ನಾಡಿ 12ರಲ್ಲಿ ಗೆದ್ದಿತು. ಒಂದರಲ್ಲಿ ಸೋಲು, ಒಂದರಲ್ಲಿ ಸಮಬಲ. ಒಟ್ಟು 504 ಅಂಕ ಗಳಿಸಿ ಎದುರಾಳಿಗಳಿಗೆ 114 ಅಂಕಗಳನ್ನಷ್ಟೇ ಬಿಟ್ಟುಕೊಟ್ಟಿತು. ವಿಲನೋವಾ ವಿರುದ್ಧ 65–0, ಸಿರಕ್ಯೂಸ್ ವಿರುದ್ಧ 33–0, ಪಿಟ್ಸ್‌ಬರ್ಗ್ ವಿರುದ್ಧ 45–8ರ ಜಯ ಸಂದಿತು. ವಾಷಿಂಗ್ಟನ್ ಆ್ಯಂಡ್ ಜೆಫರ್ಸನ್ ಕಾಲೇಜಿನ ವಿರುದ್ಧ ಮಾತ್ರ ಯಾವ ತಂಡಕ್ಕೂ ಅಂಕ ದಕ್ಕಲಿಲ್ಲ. ಜಾರ್ಜ್‌ಟೌನ್ ತಂಡವನ್ನು ಮಣಿಸಿದ ಎರಡೇ ದಿನಗಳಲ್ಲಿ ಕೆನಡಾದ ಟೊರಾಂಟೊ ತಂಡವನ್ನು 49–1ರಿಂದ ಸೋಲಿಸಿತು.

ಋತುವಿನ ಶಿಖರವೆನಿಸಿದ ಪಂದ್ಯ ನವೆಂಬರ್ 9ರಂದು ವೆಸ್ಟ್ ಪಾಯಿಂಟ್‌ನಲ್ಲಿ, ಅಮೆರಿಕದ ಸೇನಾ ಅಕಾಡೆಮಿಯ ವಿರುದ್ಧ ನಡೆಯಿತು. ಅಮೆರಿಕದ ಸೈನ್ಯ ವೂಂಡೆಡ್ ನೀ ಎಂಬಲ್ಲಿ ಲಕೋಟ ಜನರ ಹತ್ಯಾಕಾಂಡ ನಡೆಸಿ ಆಗಿನ್ನೂ 22 ವರ್ಷಗಳಾಗಿದ್ದವು. ಮೂಲನಿವಾಸಿ ಯುವಕರು ಭಾವೀ ಸೇನಾಧಿಕಾರಿಗಳನ್ನು ಅವರದೇ ನೆಲದಲ್ಲಿ ಎದುರಿಸುವುದರ ಅರ್ಥ ಎರಡೂ ತಂಡಗಳಿಗೆ ತಿಳಿದಿತ್ತು. ವಾರ್ನರ್ ಈ ಪಂದ್ಯಕ್ಕಾಗಿ ಆಟಗಾರರನ್ನು ನಿಲ್ಲಿಸುವ ಹೊಸ ವ್ಯೂಹವೊಂದನ್ನು ಸಿದ್ಧಪಡಿಸಿದ್ದರು. ಎದುರಾಳಿಗಳ ರಕ್ಷಣೆಯನ್ನು ಹರಡಿಸಿದ ಅದು ಮುಂದೆ ಡಬಲ್ ವಿಂಗ್ ಎಂದು ಪ್ರಸಿದ್ಧವಾಯಿತು. ಕ್ವಾರ್ಟರ್‌ಬ್ಯಾಕ್ ಗಸ್ ವೆಲ್ಚ್ ಆಟ ನಡೆಸಿದರು. ಪಂದ್ಯದ ಕೀರ್ತಿಯೆಲ್ಲ ಥೋರ್ಪ್ ಅವರ ಪಾಲಿಗೆ ಸಂದರೂ ಮೂರು ಟಚ್‌ಡೌನ್ ಗಳಿಸಿದವರು ಅಲೆಕ್ಸ್ ಅರ್ಕಾಸಾ ಎಂಬುದನ್ನು ಮರೆಯುವಂತಿಲ್ಲ. ಥೋರ್ಪ್ ಅವರ ದೀರ್ಘ ಓಟವೊಂದು ನಿಯಮಭಂಗದ ಕಾರಣ ರದ್ದಾಯಿತು. ಕಾರ್ಲೈಲ್ 27–6ರಿಂದ ಗೆದ್ದಿತು. ಅಂದು ಸೇನಾ ತಂಡದಲ್ಲಿ ಆಡಿದವರಲ್ಲಿ ಮುಂದೆ ಅಮೆರಿಕದ ಅಧ್ಯಕ್ಷರಾದ ಡ್ವೈಟ್ ಐಸೆನ್‌ಹೋವರ್ ಒಬ್ಬರು.

ಮುಂದಿನ ವಾರ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವಿರುದ್ಧ 34–26ರಿಂದ ತಂಡ ಸೋತಿತು. ಬ್ರೌನ್ ವಿಶ್ವವಿದ್ಯಾಲಯದ ಮೇಲೆ 32–0ರ ಗೆಲುವಿನೊಂದಿಗೆ ಋತು ಮುಗಿಯಿತು. ಕಾರ್ಲೈಲ್‌ಗಾಗಿ ಥೋರ್ಪ್ ಆಡಿದ ಕೊನೆಯ ಫುಟ್‌ಬಾಲ್ ಪಂದ್ಯ ಅದೇ.

ಪದಕಗಳ ಹಿಂಪಡೆತ

1913ರ ಜನವರಿಯಲ್ಲಿ ಮ್ಯಾಸಚೂಸೆಟ್ಸ್‌ನ ಪತ್ರಿಕೆಯೊಂದು ಥೋರ್ಪ್ ಹಣ ಪಡೆದು ಬೇಸ್‌ಬಾಲ್ ಆಡಿದ್ದನ್ನು ವರದಿ ಮಾಡಿತು. ಒಲಿಂಪಿಕ್ಸ್‌ನಲ್ಲಿ ಆಗ ಹವ್ಯಾಸಿಗಳಿಗೆ ಮಾತ್ರ ಪ್ರವೇಶವಿತ್ತು. ಅಮೆರಿಕದ ಹವ್ಯಾಸಿ ಅಥ್ಲೆಟಿಕ್ ಒಕ್ಕೂಟ ಅವರನ್ನು ಅನರ್ಹಗೊಳಿಸಿತು. ಒಲಿಂಪಿಕ್ ಸಮಿತಿ ಪದಕಗಳನ್ನು ಹಿಂಪಡೆಯಿತು. ಆಕ್ಷೇಪಣೆಗಳನ್ನು ಕ್ರೀಡಾಕೂಟ ಮುಗಿದ 30 ದಿನಗಳೊಳಗೆ ಸಲ್ಲಿಸಬೇಕೆಂಬ ನಿಯಮವಿದ್ದರೂ ಅದನ್ನು ಕಡೆಗಣಿಸಲಾಯಿತು. ತಮಗೆ ಏನೂ ತಿಳಿದಿರಲಿಲ್ಲವೆಂದು ವಾರ್ನರ್ ಹೇಳಿಕೊಂಡರು. ಎರಡು ವರ್ಷ ಮಾಯವಾಗಿದ್ದ ತಮ್ಮ ಅತ್ಯುತ್ತಮ ಆಟಗಾರನ ವಿಚಾರ ಅವರಿಗೆ ತಿಳಿಯದಿರಲು ಸಾಧ್ಯವಿರಲಿಲ್ಲವೆಂದು ಅನೇಕ ಇತಿಹಾಸಕಾರರು ಅಭಿಪ್ರಾಯಪಡುತ್ತಾರೆ. 1914ರಲ್ಲಿ ಅಮೆರಿಕದ ಕಾಂಗ್ರೆಸ್ ಶಾಲೆಯ ಆಡಳಿತ ಮತ್ತು ಕ್ರೀಡಾನಿಧಿಯ ಬಳಕೆಯ ಬಗ್ಗೆ ವಿಚಾರಣೆ ನಡೆಸಿತು. 1918ರಲ್ಲಿ ಶಾಲೆ ಮುಚ್ಚಿತು.

ವೃತ್ತಿಪರ ಜೀವನ ಮತ್ತು ಕೊನೆಯ ದಿನಗಳು

ಥೋರ್ಪ್ 1913ರಿಂದ 1919ರವರೆಗೆ ನ್ಯೂಯಾರ್ಕ್ ಜೈಂಟ್ಸ್ ಮುಂತಾದ ಬೇಸ್‌ಬಾಲ್ ತಂಡಗಳಲ್ಲಿ ಆಡಿದರು. 1915ರಲ್ಲಿ ಒಹಾಯೊದ ಕ್ಯಾಂಟನ್ ಬುಲ್‌ಡಾಗ್ಸ್ ಫುಟ್‌ಬಾಲ್ ತಂಡ ಸೇರಿದಾಗ ಪಂದ್ಯವೊಂದಕ್ಕೆ 250 ಡಾಲರ್ ಪಡೆಯುತ್ತಿದ್ದರು. ಅದು ಆಗ ದೊಡ್ಡ ಮೊತ್ತ. 1920ರಲ್ಲಿ ಸ್ಥಾಪನೆಯಾದ, ಮುಂದೆ ನ್ಯಾಷನಲ್ ಫುಟ್‌ಬಾಲ್ ಲೀಗ್ ಎನಿಸಿದ ಸಂಘಟನೆಗೆ ಅವರೇ ಪ್ರಥಮ ಅಧ್ಯಕ್ಷರು. 1922–23ರಲ್ಲಿ ಮೂಲನಿವಾಸಿಗಳಷ್ಟೇ ಇದ್ದ ಊರಾಂಗ್ ಇಂಡಿಯನ್ಸ್ ತಂಡವನ್ನು ಮುನ್ನಡೆಸಿದರು. ನಾಯಿ ಸಾಕಣೆಯ ಉದ್ಯಮಿಯೊಬ್ಬರು ತಮ್ಮ ವ್ಯಾಪಾರದ ಪ್ರಚಾರಕ್ಕಾಗಿ ಕಟ್ಟಿದ ತಂಡವದು.

1928ರಲ್ಲಿ ಆಟ ನಿಲ್ಲಿಸಿದ ನಂತರ ಆರ್ಥಿಕ ಕುಸಿತದ ಕಾಲದಲ್ಲಿ ಕೂಲಿ ಕೆಲಸವನ್ನೂ ಹಾಲಿವುಡ್ ಚಿತ್ರಗಳ ಸಣ್ಣ ಪಾತ್ರಗಳನ್ನೂ ಮಾಡಿದರು. 1950ರಲ್ಲಿ ಅಸೋಸಿಯೇಟೆಡ್ ಪ್ರೆಸ್ ನಡೆಸಿದ ಸಮೀಕ್ಷೆ ಅವರನ್ನು ಅರ್ಧ ಶತಮಾನದ ಶ್ರೇಷ್ಠ ಕ್ರೀಡಾಪಟುವೆಂದು ಆರಿಸಿತು. 1953ರ ಮಾರ್ಚ್ 28ರಂದು ಕ್ಯಾಲಿಫೋರ್ನಿಯಾದ ಲೊಮಿಟಾದಲ್ಲಿ ಹೃದಯಾಘಾತದಿಂದ ನಿಧನರಾದರು.

ಮರಣಾನಂತರ

ಮೂರನೆಯ ಪತ್ನಿ ಪೆಟ್ರಿಷಿಯಾ ಅವರ ಒಪ್ಪಂದದಂತೆ ಪಾರ್ಥಿವ ಶರೀರವನ್ನು, ಥೋರ್ಪ್ ಎಂದೂ ವಾಸಿಸಿರದ ಪೆನ್ಸಿಲ್ವೇನಿಯಾದ ಮಾಕ್ ಚಂಕ್ ಪಟ್ಟಣಕ್ಕೆ ಒಯ್ಯಲಾಯಿತು; 1954ರಲ್ಲಿ ಆ ಪಟ್ಟಣ ಅವರ ಹೆಸರನ್ನೇ ಇಟ್ಟುಕೊಂಡಿತು. ಅವಶೇಷಗಳನ್ನು ಒಕ್ಲಹೋಮಾಕ್ಕೆ ಮರಳಿಸಬೇಕೆಂದು ಪುತ್ರರು ಹೂಡಿದ ಮೊಕದ್ದಮೆ ಕೆಳನ್ಯಾಯಾಲಯದಲ್ಲಿ ಗೆದ್ದು ಮೇಲ್ಮನವಿಯಲ್ಲಿ ಸೋತಿತು. 2015ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ವಿಚಾರಣೆಗೆ ಎತ್ತಿಕೊಳ್ಳಲಿಲ್ಲ.

ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 1982ರಲ್ಲಿ ಥೋರ್ಪ್ ಅವರನ್ನು ಸಹವಿಜೇತರೆಂದು ಒಪ್ಪಿ, 1983ರ ಜನವರಿಯಲ್ಲಿ ಪದಕಗಳ ಪ್ರತಿಕೃತಿಗಳನ್ನು ಕುಟುಂಬಕ್ಕೆ ನೀಡಿತು. ವೀಸ್ಲಾಂಡರ್ ತಮ್ಮನ್ನು ವಿಜೇತರೆಂದು ಎಂದೂ ಒಪ್ಪಿಕೊಂಡಿರಲಿಲ್ಲವೆಂದು ಅವರ ಕುಟುಂಬ ಸ್ಪಷ್ಟಪಡಿಸಿತು; ಪೆಂಟಾಥ್ಲಾನ್‌ನಲ್ಲಿ ಎರಡನೆಯವರಾಗಿದ್ದ ಫರ್ಡಿನಾಂಡ್ ಬೀ ಅವರ ದೇಶವಾದ ನಾರ್ವೆಯೂ ಥೋರ್ಪ್ ಒಬ್ಬರನ್ನೇ ವಿಜೇತರೆಂದು ಮಾನ್ಯ ಮಾಡಿತು. ಅದರಂತೆ 2022ರ ಜುಲೈನಲ್ಲಿ ಎರಡೂ ಸ್ಪರ್ಧೆಗಳ ಏಕೈಕ ವಿಜೇತರೆಂದು ಥೋರ್ಪ್ ಅವರ ಹೆಸರನ್ನು ದಾಖಲಿಸಲಾಯಿತು. 2024ರಲ್ಲಿ ಅಮೆರಿಕ ಸರ್ಕಾರ ಅವರಿಗೆ ಮರಣೋತ್ತರವಾಗಿ ಅಧ್ಯಕ್ಷೀಯ ಸ್ವಾತಂತ್ರ್ಯ ಪದಕ ನೀಡಿತು.