ಥಿಯೊಡೋರ್ ಬೊವೆರಿ

ನಮ್ಮ ದೇಹದಲ್ಲಿ ಪ್ರತಿಕ್ಷಣವೂ ಅಸಂಖ್ಯ ಜೀವಕೋಶಗಳು ಒಡೆದು ಎರಡಾಗುತ್ತಿರುತ್ತವೆ. ಸಕಾಲದಲ್ಲಿ ಈ ವಿಭಜನೆಯನ್ನು ಪ್ರೇರಿಸುವ, ಅಕಾಲದಲ್ಲಿ ತಡೆಯುವ ಕಟ್ಟುಪಾಡು ಕೋಶದೊಳಗೇ ಇದೆ. ಅದನ್ನು ಪರೀಕ್ಷಿಸುವ ಸಾಧನಗಳಿಲ್ಲದ ಕಾಲದಲ್ಲಿಯೇ ಅದರ ಇರವನ್ನು ಊಹಿಸಿದವರು ಜರ್ಮನಿಯ ವಿಜ್ಞಾನಿ ಥಿಯೊಡೋರ್ ಬೊವೆರಿ.

ಬೊವೆರಿಯವರು 1862ರಲ್ಲಿ ಬವೇರಿಯ ಪ್ರಾಂತದ ಬಾಂಬೆರ್ಗ್ ಪಟ್ಟಣದಲ್ಲಿ ಜನಿಸಿದರು. ಮ್ಯೂನಿಕ್ ವಿಶ್ವವಿದ್ಯಾನಿಲಯದಲ್ಲಿ ಮೊದಲು ಇತಿಹಾಸ ಮತ್ತು ತತ್ತ್ವಶಾಸ್ತ್ರಗಳನ್ನು ಆರಿಸಿಕೊಂಡರಾದರೂ ಅವರ ಮನಸ್ಸು ಬೇಗನೆ ಜೀವವಿಜ್ಞಾನದತ್ತ ಹೊರಳಿತು. 1893ರಲ್ಲಿ ವ್ಯೂರ್ಟ್ಸ್‌ಬುರ್ಗ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾಗಿ, ಕೊನೆಯವರೆಗೂ ಅಲ್ಲಿಯೇ ದುಡಿದರು. ಸಂಶೋಧನೆಗೆಂದು ಅಮೆರಿಕದಿಂದ ಅಲ್ಲಿಗೆ ಬಂದ ಮಾರ್ಸೆಲಾ ಓಗ್ರೇಡಿಯವರನ್ನು 1897ರಲ್ಲಿ ವಿವಾಹವಾದರು.

ಮೈತುಂಬ ಮುಳ್ಳುಗಳಿರುವ ಸೀ ಅರ್ಚಿನ್ ಎಂಬ ಕಡಲ ಜೀವಿಯ ಅಂಡಗಳೇ ಬೊವೆರಿಯವರ ಪ್ರಯೋಗದ ವಸ್ತು. ಅಂಡವೊಂದನ್ನು ಸಾಮಾನ್ಯವಾಗಿ ಒಂದೇ ವೀರ್ಯಾಣು ಹೊಗುತ್ತದೆ. ಎರಡು ಹೊಕ್ಕರೆ ಅಂಡವು ಒಮ್ಮೆಗೇ ನಾಲ್ಕಾಗಿ ಒಡೆಯುವುದನ್ನೂ, ವರ್ಣತಂತುಗಳು ಅಸಮವಾಗಿ ಹಂಚಿಹೋಗುವುದನ್ನೂ ಅವರು ಕಂಡರು. ಅಂಥ ಭ್ರೂಣಗಳು ಬಹುಮಟ್ಟಿಗೆ ವಿಕಾರಗೊಂಡು ನಾಶವಾದವು. ಒಂದೊಂದು ವರ್ಣತಂತುವಿಗೂ ತನ್ನದೇ ಆದ ಗುಣವಿದೆ, ಯಾವುದೊಂದು ಇಲ್ಲದಿದ್ದರೂ ಬೆಳವಣಿಗೆ ಕುಂದುತ್ತದೆ ಎಂದು 1902ರಲ್ಲಿ ಅವರು ಸಾರಿದರು.

ಈ ಪ್ರಯೋಗವೇ ಅವರನ್ನು ಇನ್ನೂ ದೊಡ್ಡ ಪ್ರಶ್ನೆಗೆ ಒಯ್ದಿತು. ವಿಭಜನೆಯನ್ನು ತಡೆಯುವ ಅಂಶವೇ ಒಂದು ಕೋಶದಲ್ಲಿ ಇಲ್ಲವಾದರೆ ಏನಾದೀತು? ಆ ಕೋಶ ಕಡಿವಾಣವಿಲ್ಲದ ಕುದುರೆಯಂತಾಗಿ, ಮಿತಿಯಿಲ್ಲದೆ ಒಡೆಯುತ್ತ ಹೋಗುತ್ತದೆ. ಕ್ಯಾನ್ಸರ್ ಗೆಡ್ಡೆ ಹುಟ್ಟುವುದು ಹೀಗೆಯೇ ಎಂದು 1914ರ ತಮ್ಮ ಗ್ರಂಥದಲ್ಲಿ ಅವರು ವಾದಿಸಿದರು. ತಾವು ವೈದ್ಯರಲ್ಲವೆಂಬುದನ್ನು ಅವರು ಮರೆಮಾಚಲಿಲ್ಲ. ಅನಾರೋಗ್ಯ ಅವರನ್ನು ಬಹುಕಾಲದಿಂದ ಕಾಡುತ್ತಿತ್ತು. ಬರ್ಲಿನ್ನಿನಲ್ಲಿ ಹೊಸ ಸಂಶೋಧನಾಲಯದ ನಿರ್ದೇಶಕ ಪದವಿ ಒದಗಿ ಬಂದಾಗಲೂ ಅವರು ಅದನ್ನು ಒಪ್ಪಿಕೊಳ್ಳಲಾಗಲಿಲ್ಲ. 1915ರ ಅಕ್ಟೋಬರ್ 15ರಂದು, ತಮ್ಮ ಊಹೆಗೆ ಪುರಾವೆ ದೊರೆಯುವ ಮೊದಲೇ, ಅವರು ನಿಧನರಾದರು. ಅವರ ಗ್ರಂಥದ ಇಂಗ್ಲಿಷ್ ಅನುವಾದವನ್ನು ಮಾರ್ಸೆಲಾ 1929ರಲ್ಲಿ ಪ್ರಕಟಿಸಿದರು.

ಪುರಾವೆ ಬರಲು ದಶಕಗಳೇ ಬೇಕಾದವು. 1982ರಲ್ಲಿ ಬ್ರಿಟನ್ನಿನ ಟಿಮ್ ಹಂಟ್ ಅವರು ಅದೇ ಸೀ ಅರ್ಚಿನ್ ಅಂಡಗಳಲ್ಲಿ, ಪ್ರತಿ ವಿಭಜನೆಗೂ ಮುನ್ನ ಹೆಚ್ಚಿ ಬಳಿಕ ಕರಗಿಹೋಗುವ ಸೈಕ್ಲಿನ್ ಎಂಬ ಪ್ರೋಟೀನನ್ನು ಕಂಡುಹಿಡಿದರು. ಅದು ಮತ್ತೊಂದು ಪ್ರೋಟೀನಿನೊಡನೆ ಕೂಡಿ ಕೋಶವನ್ನು ವಿಭಜನೆಗೆ ತೊಡಗಿಸುತ್ತದೆ. ಆರ್‌ಬಿ ಎಂಬ ಪ್ರೋಟೀನು ವಿಭಜನೆಗೆ ಬೇಕಾದ ಬೇರೆ ಪ್ರೋಟೀನುಗಳನ್ನು ಹಿಡಿದಿಟ್ಟು, ಕೋಶವನ್ನು ತಡೆಯುತ್ತದೆ. ಅದು ನಷ್ಟವಾದರೆ ಮಕ್ಕಳ ಕಣ್ಣಿನಲ್ಲಿ ಕ್ಯಾನ್ಸರ್ ತಲೆದೋರಬಹುದು. ಬೊವೆರಿಯವರು ಊಹಿಸಿದ ಕಡಿವಾಣಗಳಲ್ಲಿ ಇದೂ ಒಂದು.

ಅವರ ಕೈಯಲ್ಲಿದ್ದುದು ಸೂಕ್ಷ್ಮದರ್ಶಕ ಮತ್ತು ಕಡಲ ಜೀವಿಯ ಅಂಡಗಳು ಮಾತ್ರ. ತಾಳ್ಮೆಯಿಂದ ನೋಡಿ, ಧೈರ್ಯವಾಗಿ ಯೋಚಿಸಿದ ಬೊವೆರಿಯವರು ಮುಂದಿನ ಪೀಳಿಗೆಗೆ ದಾರಿಯನ್ನು ತೋರಿಸಿ ಹೋದರು.