ಸೇಲಂನ ವಕೀಲರು ಮತ್ತು ಸರ್ಕಾರ ಕೊಡಲೇಬೇಕಾದ ಉತ್ತರ

ಸೇಲಂ ಕಡೆ ಓಡಾಡುವವರಾದರೆ ಚಕ್ರವರ್ತಿ ವಿಜಯರಾಘವಾಚಾರ್ಯರ ಹೆಸರನ್ನು ನೀವು ಕೇಳಿರುತ್ತೀರಿ. ಅವರ ನೆನಪಿಗೆ ಅಲ್ಲಿ ಒಂದು ಗ್ರಂಥಾಲಯ ಮತ್ತು ಉಪನ್ಯಾಸ ಮಂದಿರವಿದೆ. ದಕ್ಷಿಣ ಭಾರತದ ಸಿಂಹ ಎಂದು ಅವರನ್ನು ಕರೆಯುತ್ತಿದ್ದರು. ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದರು ಎಂಬುದೂ ಹಲವರಿಗೆ ಗೊತ್ತು. ಶಾಲೆಗೆ ಮೇಷ್ಟ್ರು ಬಂದಿಲ್ಲ, ಪುಸ್ತಕ ಬಂದಿಲ್ಲ ಎಂದು ಕಚೇರಿಯಿಂದ ಕಚೇರಿಗೆ ಅಲೆಯುವ ನಮ್ಮ ಗಡಿಭಾಗದ ಪೋಷಕರಿಗೆ ಅವರ ಬದುಕಿನ ಇನ್ನೊಂದು ಭಾಗ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಸರ್ಕಾರವನ್ನು ಪ್ರಶ್ನೆ ಕೇಳುವ ಹಕ್ಕು ಈ ನಾಡಿನ ಶಾಸನ ಸಭೆಗೆ ಮೊದಲ ಸಲ ಬಂದ ಹೊಸತರಲ್ಲೇ ಆ ಸಭೆಯಲ್ಲಿ ಕುಳಿತವರು ಅವರು.

ಹುಟ್ಟಿದ್ದು 1852ರ ಜೂನ್ 18ರಂದು, ಚೆಂಗಲ್‌ಪಟ್ಟು ಜಿಲ್ಲೆಯ ಒಂದು ಹಳ್ಳಿಯಲ್ಲಿ. ತಂದೆ ಪುರೋಹಿತರು. ಮೊದಲ ಪಾಠಗಳೆಲ್ಲ ವೇದ ಮತ್ತು ಸಂಸ್ಕೃತ. ಇಂಗ್ಲಿಷ್ ಅಕ್ಷರಗಳನ್ನು ಕಲಿಯಲು ಶುರು ಮಾಡಿದಾಗ ಹುಡುಗನಿಗೆ ಹನ್ನೆರಡು ವರ್ಷ. ಮಕ್ಕಳನ್ನು ಮೂರನೇ ವಯಸ್ಸಿಗೇ ಇಂಗ್ಲಿಷ್ ಶಾಲೆಗೆ ಸೇರಿಸದಿದ್ದರೆ ಹಿಂದೆ ಬೀಳುತ್ತವೆ ಎಂದು ಹೆದರುವವರು ಈ ಮಾತನ್ನು ಸ್ವಲ್ಪ ಗಮನಿಸಬೇಕು. ಹಾಗೆ ತಡವಾಗಿ ಶುರು ಮಾಡಿದ ಹುಡುಗ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ 1875ರಲ್ಲಿ ಪದವಿ ಪಡೆದ.

ಪದವಿಯಾದ ಮೇಲೆ ಅವರು ಮೊದಲು ಹೋದದ್ದು ಮಂಗಳೂರಿಗೆ, ಸರ್ಕಾರಿ ಕಾಲೇಜಿನ ಅಧ್ಯಾಪಕರಾಗಿ. ಆಗ ಮಂಗಳೂರು, ಕಾಸರಗೋಡು, ಬಳ್ಳಾರಿ, ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲ, ಸೇಲಂ ಜಿಲ್ಲೆಗೆ ಸೇರಿದ್ದ ಹೊಸೂರು ಎಲ್ಲವೂ ಮದರಾಸ್ ಪ್ರಾಂತದ ಒಳಗೇ ಇದ್ದವು. ಈ ಕನ್ನಡ ಸೀಮೆಗಳ ಅಹವಾಲು ಹೋಗಿ ಮುಟ್ಟಬೇಕಾಗಿದ್ದದ್ದು ಮದರಾಸಿಗೆ. ಮಂಗಳೂರಿನಲ್ಲಿ ಕೆಲವು ವರ್ಷ ಪಾಠ ಹೇಳಿ ಅವರು ಸೇಲಂನ ಮುನಿಸಿಪಲ್ ಕಾಲೇಜಿಗೆ ಬಂದರು. ಇಂಗ್ಲಿಷ್ ಮತ್ತು ಗಣಿತ ಕಲಿಸುತ್ತಲೇ, ಯಾವ ತರಗತಿಗೂ ಹೋಗದೆ ತಾವೇ ಕಾನೂನು ಓದಿಕೊಂಡು 1881ರಲ್ಲಿ ವಕೀಲರಾದರು. ಮರುವರ್ಷ ಸೇಲಂ ಪುರಸಭೆಯ ಸದಸ್ಯರೂ ಆದರು.

1882ರಲ್ಲೇ ಅವರ ಬದುಕು ತಲೆಕೆಳಗಾಯಿತು. ಮಸೀದಿಯೊಂದರ ವಿಚಾರವಾಗಿ ಸೇಲಂನಲ್ಲಿ ಹಿಂದೂ ಮುಸ್ಲಿಮರ ನಡುವೆ ದೊಡ್ಡ ಗಲಭೆ ನಡೆಯಿತು. ಗಲಭೆಗೆ ಕುಮ್ಮಕ್ಕು ಕೊಟ್ಟವರಲ್ಲಿ ಇವರೂ ಒಬ್ಬರೆಂದು ಸರ್ಕಾರ ಮೊಕದ್ದಮೆ ಹೂಡಿತು. ಕೆಳಗಿನ ನ್ಯಾಯಾಲಯ ಹತ್ತು ವರ್ಷದ ಶಿಕ್ಷೆ ಕೊಟ್ಟಿತು. ಮೇಲ್ಮನವಿಯಲ್ಲಿ ಮದರಾಸ್ ಹೈಕೋರ್ಟು ಅವರನ್ನು ಬಿಡುಗಡೆ ಮಾಡಿತು. ಇದೇ ಗಲಭೆಯಲ್ಲಿ ಶಿಕ್ಷೆಯಾಗಿ ಅಂಡಮಾನಿಗೆ ಹೋಗಿದ್ದವರ ಪರವಾಗಿ ಅವರು ವೈಸರಾಯ್ ರಿಪನ್ ಅವರಿಗೆ ಮೊರೆಯಿಟ್ಟರು. ಆ ಜನ ಬಿಡುಗಡೆಯಾಗಿ ಬಂದರು.

ಅವರ ಸ್ವಭಾವ ಗೊತ್ತಾಗುವುದು ಇದರ ನಂತರ ನಡೆದದ್ದರಲ್ಲಿ. ಮೊಕದ್ದಮೆಯ ಸಮಯದಲ್ಲಿ ಸರ್ಕಾರ ಅವರನ್ನು ಪುರಸಭೆಯಿಂದ ತೆಗೆದುಹಾಕಿತ್ತು. ಹತ್ತು ವರ್ಷದ ಜೈಲು ತಪ್ಪಿತಲ್ಲ ಎಂದು ಬೇರೆ ಯಾರಾದರೂ ಸುಮ್ಮನಾಗುತ್ತಿದ್ದರು. ಇವರು ಭಾರತದ ಆಡಳಿತದ ಹೆಸರಿನಲ್ಲಿ ಇಂಗ್ಲೆಂಡಿನಲ್ಲಿ ಕುಳಿತಿದ್ದ ಸೆಕ್ರೆಟರಿ ಆಫ್ ಸ್ಟೇಟ್ ಮೇಲೆಯೇ ದಾವೆ ಹಾಕಿದರು. ತನ್ನನ್ನು ತೆಗೆದದ್ದು ಯಾವ ಅಧಿಕಾರದಿಂದ ಎಂಬುದೇ ದಾವೆಯ ತಿರುಳು. 1884ರಲ್ಲಿ ಮದರಾಸ್ ಹೈಕೋರ್ಟು ಈ ದಾವೆಯ ಮೇಲೆ ಕೊಟ್ಟ ತೀರ್ಪು ಕಾನೂನು ವರದಿಗಳಲ್ಲಿ ಅವರ ಹೆಸರಿನಲ್ಲೇ ಉಳಿದಿದೆ. ಪುರಸಭೆಯ ಸ್ಥಾನ ಮರಳಿ ಸಿಕ್ಕಿತು. ನಷ್ಟ ಪರಿಹಾರವಾಗಿ ಸಿಕ್ಕಿದ್ದು ನೂರು ರೂಪಾಯಿ. ಮೊತ್ತ ನೋಡಿ ನಗಬೇಡಿ. ಕಾರಣ ಹೇಳದೆ ಏನಾದರೂ ಮಾಡಬಹುದು ಎಂದುಕೊಂಡಿದ್ದ ಸರ್ಕಾರ ಒಬ್ಬ ಊರ ವಕೀಲನಿಗೆ ಆ ನೂರು ರೂಪಾಯಿ ಎಣಿಸಿ ಕೊಡಬೇಕಾಯಿತು.

ಈಗ ಮದರಾಸಿನ ಶಾಸನ ಸಭೆಗೆ ಬರೋಣ. ಹೆಸರು ಸಭೆ ಎಂದಿದ್ದರೂ 1861ರ ಕಾಯಿದೆಯಂತೆ ಅದು ಸರ್ಕಾರ ತಂದ ಮಸೂದೆಗಳನ್ನು ನೋಡುವ ಕೂಟವಾಗಿತ್ತು, ಅಷ್ಟೆ. ಯಾವ ಇಲಾಖೆ ಏನು ಮಾಡಿತು ಎಂದು ಕೇಳಲು ಸದಸ್ಯರಿಗೆ ದಾರಿಯೇ ಇರಲಿಲ್ಲ. ಈ ಹಕ್ಕು ಬೇಕು ಎಂಬುದು 1885ರಲ್ಲಿ ಮುಂಬಯಿಯಲ್ಲಿ ಸೇರಿದ ಮೊದಲ ಕಾಂಗ್ರೆಸ್ಸಿನ ಬೇಡಿಕೆಗಳಲ್ಲಿ ಒಂದು. ಏಳು ವರ್ಷ ಕಳೆದ ಮೇಲೆ, 1892ರ ಕಾಯಿದೆಯಲ್ಲಿ ಅದು ಸಿಕ್ಕಿತು. ಪೂರ್ತಿಯಾಗಿ ಸಿಗಲಿಲ್ಲ. ಪುರಸಭೆ, ಜಿಲ್ಲಾ ಬೋರ್ಡು ಮುಂತಾದ ಸಂಸ್ಥೆಗಳು ಹೆಸರು ಸೂಚಿಸಬೇಕು, ಗವರ್ನರ್ ನೇಮಿಸಬೇಕು. ಚುನಾವಣೆ ಎಂಬ ಪದವನ್ನೇ ಆ ಕಾಯಿದೆ ಬಳಸಲಿಲ್ಲ. ಹಾಗೆ ಬಂದ ಸದಸ್ಯರು ಮೊದಲೇ ನೋಟಿಸು ಕೊಟ್ಟು ಪ್ರಶ್ನೆ ಕೇಳಬಹುದು. ಪ್ರಶ್ನೆಯಲ್ಲಿ ವಾದ ಇರಕೂಡದು, ಊಹೆ ಇರಕೂಡದು, ಯಾರ ನಿಂದೆಯೂ ಇರಕೂಡದು. ಮಾಹಿತಿ ಕೋರಿಕೆ ಮಾತ್ರ ಇರಬೇಕು. ಉತ್ತರ ಬಂದ ಮೇಲೆ ಅದರ ಬಗ್ಗೆ ಚರ್ಚೆಯಿಲ್ಲ. ಮತ್ತೊಂದು ಪ್ರಶ್ನೆಯನ್ನು ಅದಕ್ಕೆ ಜೋಡಿಸುವಂತೆಯೂ ಇಲ್ಲ.

ವಿಜಯರಾಘವಾಚಾರ್ಯರು 1895ರಲ್ಲಿ ಈ ಸಭೆಗೆ ಬಂದರು. 1901ರವರೆಗೆ, ಆರು ವರ್ಷ ಇದ್ದರು. ನಿಯಮಗಳು ಕೈಕಟ್ಟಿ ಹಾಕುವಂತೆ ಕಾಣುತ್ತವೆ, ಆದರೆ ವಕೀಲಿ ಮಾಡಿದವರಿಗೆ ಅದರೊಳಗೇ ಕೆಲಸ ಮಾಡಲು ಬರುತ್ತದೆ ಎಂದು ನನಗನಿಸುತ್ತದೆ. ಪಾಟೀಸವಾಲಿನಲ್ಲಿ ಸಾಕ್ಷಿಗೆ ಭಾಷಣ ಮಾಡಿದರೆ ಏನೂ ಸಿಗುವುದಿಲ್ಲ. ಎಷ್ಟು ಹೊತ್ತಿಗೆ, ಎಲ್ಲಿ, ಯಾರು ಎಂದು ಕೇಳಿದರೆ ಸಾಕ್ಷಿ ನುಣುಚಿಕೊಳ್ಳುವುದು ಕಷ್ಟ. ವಾದ ಬೇಡ ಎಂದ ನಿಯಮವೇ ಪ್ರಶ್ನೆಯನ್ನು ಹರಿತ ಮಾಡಿತು. ಕಂದಾಯ, ಅರಣ್ಯ, ಅಬಕಾರಿ, ಪೊಲೀಸು: ಹಳ್ಳಿಯವನ ಬಾಗಿಲಿಗೆ ಬರುತ್ತಿದ್ದ ಸರ್ಕಾರವೆಂದರೆ ಇವೇ. ಇವು ತಮ್ಮ ಲೆಕ್ಕವನ್ನು ಅಲ್ಲಿಯವರೆಗೆ ತಮ್ಮ ಮೇಲಿನ ಅಧಿಕಾರಿಗೆ ಮಾತ್ರ ಒಪ್ಪಿಸುತ್ತಿದ್ದವು. ಈಗ ಕೋಟೆಯ ಹೊರಗಿನ ಒಬ್ಬರು ಕೇಳಿದ್ದಕ್ಕೂ ಉತ್ತರ ಬರೆಯಬೇಕಾಯಿತು. ಆ ಉತ್ತರ ನಡಾವಳಿಯಲ್ಲಿ ಅಚ್ಚಾಗುತ್ತಿತ್ತು, ಪತ್ರಿಕೆಗಳಿಗೆ ಹೋಗುತ್ತಿತ್ತು.

ಒಂದು ಪ್ರಶ್ನೆ ಇಲಾಖೆಯೊಳಗೆ ಹೋದಾಗ ಏನಾಗುತ್ತದೆ ಎಂದು ಇಲ್ಲಿ ನಿಂತು ನೋಡಬೇಕು. ಇದು ಅಂದಿಗೂ ಇಂದಿಗೂ ಬಹಳ ಬದಲಾಗಿಲ್ಲ. ಶಾಸಕರು ಕೊಟ್ಟ ಪ್ರಶ್ನೆ ಶಾಸನ ಸಭೆಯ ಕಾರ್ಯಾಲಯದಿಂದ ಸಚಿವಾಲಯಕ್ಕೆ ಹೋಗುತ್ತದೆ. ಅಲ್ಲಿ ಯಾರ ಬಳಿಯೂ ಉತ್ತರ ಇರುವುದಿಲ್ಲ. ಅಲ್ಲಿಂದ ನಿರ್ದೇಶಕರಿಗೆ, ಅವರಿಂದ ಜಿಲ್ಲಾ ಮುಖ್ಯ ಶಿಕ್ಷಣಾಧಿಕಾರಿಗೆ, ಅವರಿಂದ ಬ್ಲಾಕ್ ಶಿಕ್ಷಣಾಧಿಕಾರಿಗೆ, ಕೊನೆಗೆ ಶಾಲೆಗೆ ಬರುತ್ತದೆ. ನೀವು ಮುಖ್ಯೋಪಾಧ್ಯಾಯರಾಗಿದ್ದರೆ ಇಂಥ ಅತಿ ತುರ್ತು ಎಂದು ಬರೆದ ಕಾಗದವನ್ನು ನೋಡಿಯೇ ಇರುತ್ತೀರಿ. ಇಂದು ಸಂಜೆಯೊಳಗೆ ಮಕ್ಕಳ ಸಂಖ್ಯೆ ಕೊಡಿ, ಮಂಜೂರಾದ ಹುದ್ದೆ ಎಷ್ಟು, ಭರ್ತಿ ಎಷ್ಟು ತಿಳಿಸಿ ಎಂದು ಫೋನೂ ಬರುತ್ತದೆ. ಎರಡು ವರ್ಷದಿಂದ ಖಾಲಿ ಬಿದ್ದ ಹುದ್ದೆಯನ್ನು ಮೇಲಿನವರು ಅಂದು ಮೊದಲ ಸಲ ಎಣಿಸುತ್ತಾರೆ. ಎಷ್ಟೋ ಸಲ ಉತ್ತರ ಸಭೆಯಲ್ಲಿ ಮಂಡನೆಯಾಗುವ ಮೊದಲೇ ಒಬ್ಬ ಶಿಕ್ಷಕರ ನಿಯೋಜನೆ ಆಗಿಬಿಡುತ್ತದೆ, ಏಕೆಂದರೆ ಸೊನ್ನೆ ಎಂದು ಬರೆದು ಸಹಿ ಹಾಕಲು ಯಾವ ಅಧಿಕಾರಿಗೂ ಇಷ್ಟವಿರುವುದಿಲ್ಲ.

ಹಾಗೆಂದು ಯಾವ ಪ್ರಶ್ನೆಯಾದರೂ ನಡೆಯುತ್ತದೆ ಎಂದಲ್ಲ. ಗಡಿಭಾಗದ ಕನ್ನಡ ಶಾಲೆಗಳ ಬಗ್ಗೆ ಸರ್ಕಾರಕ್ಕೆ ಕಾಳಜಿ ಇದೆಯೇ ಎಂದು ಕೇಳಿ ನೋಡಿ. ಇದೆ ಎಂಬ ಒಂದೇ ಪದದ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. ಇಂಥ ತಾಲ್ಲೂಕಿನಲ್ಲಿ ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಗಳು ಎಷ್ಟು, ಶಾಲೆವಾರು ಮಕ್ಕಳು ಎಷ್ಟು, ಕನ್ನಡ ಬಲ್ಲ ಶಿಕ್ಷಕರ ಹುದ್ದೆ ಎಷ್ಟು, ಖಾಲಿ ಇರುವುದು ಯಾವ ತಾರೀಖಿನಿಂದ, ಈ ವರ್ಷದ ಕನ್ನಡ ಪಠ್ಯಪುಸ್ತಕ ಶಾಲೆಗೆ ತಲುಪಿದ್ದು ಯಾವ ದಿನ ಎಂದು ಕೇಳಿದರೆ ಅಂಕಿ ಕೊಡದೆ ಗತಿಯಿಲ್ಲ. ಕೊಟ್ಟ ಅಂಕಿ ಸುಳ್ಳಾದರೆ ಊರಿನವರಿಗೆ ಅದು ಗೊತ್ತಾಗುತ್ತದೆ.

ಕೇಳಲು ಆಧಾರವೂ ಇದೆ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಸಲು ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕು ಎಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಅದು ಸೇರಿದ್ದು 1956ರಲ್ಲಿ. ಅದಕ್ಕೂ ಮೊದಲು, 1949ರಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಂದು ಅಳತೆ ಹಾಕಿಕೊಟ್ಟಿತ್ತು: ಆ ಭಾಷೆಯ ಮಕ್ಕಳು ತರಗತಿಗೆ 10 ಅಥವಾ ಶಾಲೆಗೆ 40 ಇದ್ದರೆ ಶಿಕ್ಷಕರನ್ನು ಕೊಡಬೇಕು. 2006ರ ಕಾಯಿದೆಯಿಂದ ತಮಿಳುನಾಡಿನ ಶಾಲೆಗಳಲ್ಲಿ ತಮಿಳು ಹಂತಹಂತವಾಗಿ ಕಡ್ಡಾಯ ವಿಷಯವಾಯಿತು. ಮಕ್ಕಳು ರಾಜ್ಯದ ಭಾಷೆ ಕಲಿಯುವುದು ಒಳ್ಳೆಯದೇ. ಆದರೆ ತಮಿಳು ಕಲಿಸಲು ಎಷ್ಟು ಜನ ಬಂದರು, ಕನ್ನಡ ಕಲಿಸುವವರು ಎಷ್ಟು ಉಳಿದರು ಎಂಬ ಎರಡು ಅಂಕಿಗಳನ್ನು ಒಂದೇ ಪ್ರಶ್ನೆಯಲ್ಲಿ ಕೇಳಬೇಕು.

ಮತ್ತೆ ಆಚಾರ್ಯರ ಕಡೆಗೆ. 1909ರ ಸುಧಾರಣೆಯಲ್ಲಿ ಪ್ರಶ್ನೆ ಕೇಳಿದ ಸದಸ್ಯರೇ ಪೂರಕ ಪ್ರಶ್ನೆ ಕೇಳಲು ಅವಕಾಶ ಸಿಕ್ಕಿತು. ಇಡೀ ದೇಶದ ಶಾಸನ ಸಭೆಗೆ ಅವರು ಹೋದದ್ದು 1913ರಲ್ಲಿ, ಈ ಅವಕಾಶ ಬಂದ ಮೇಲೆ. ಮದನಮೋಹನ ಮಾಳವೀಯರಂಥವರ ಜೊತೆ 1916ರವರೆಗೆ ಅಲ್ಲಿದ್ದರು. ಬೇರೆ ಸದಸ್ಯರೂ ಎದ್ದು ಪೂರಕ ಪ್ರಶ್ನೆ ಹಾಕುವ ಸ್ವಾತಂತ್ರ್ಯ ಬಂದದ್ದು 1919ರ ಸುಧಾರಣೆಗಳೊಂದಿಗೆ. ಅಂದರೆ ನಾವು ಇಂದು ಟೀವಿಯಲ್ಲಿ ನೋಡುವ ಪ್ರಶ್ನೋತ್ತರದ ಗದ್ದಲಕ್ಕೆ ಮೂರು ಕಾಯಿದೆ, ಇಪ್ಪತ್ತೇಳು ವರ್ಷ ಹಿಡಿದವು.

1920ರ ಡಿಸೆಂಬರಿನಲ್ಲಿ ನಾಗಪುರದ ಕಾಂಗ್ರೆಸ್ ಅಧಿವೇಶನಕ್ಕೆ ಅವರೇ ಅಧ್ಯಕ್ಷರು. ಗಾಂಧೀಜಿಯವರ ಅಸಹಕಾರದ ದಾರಿಗೆ ಅಲ್ಲಿ ಒಪ್ಪಿಗೆ ಸಿಕ್ಕಿತು, ಅಧ್ಯಕ್ಷರಿಗೆ ಆ ದಾರಿ ಪೂರ್ತಿ ಒಪ್ಪಿಗೆಯಿರಲಿಲ್ಲ. ಕನ್ನಡಿಗರಿಗೆ ಆ ಅಧಿವೇಶನ ಬೇರೆ ಕಾರಣಕ್ಕೆ ಮುಖ್ಯ. ಕಾಂಗ್ರೆಸ್ಸಿನ ಪ್ರಾಂತಗಳನ್ನು ಭಾಷೆಯ ಮೇಲೆ ವಿಂಗಡಿಸಲು ಅಲ್ಲಿಯೇ ತೀರ್ಮಾನವಾಗಿ, ಮದರಾಸ್ ಮುಂಬಯಿಗಳಲ್ಲಿ ಹಂಚಿಹೋಗಿದ್ದ ಕರ್ನಾಟಕಕ್ಕೆ ತನ್ನದೇ ಪ್ರಾಂತ ಸಮಿತಿ ಸಿಕ್ಕಿತು. ಮಂಗಳೂರಿನಲ್ಲಿ ಪಾಠ ಹೇಳಿದ, ಹೊಸೂರಿನ ಕನ್ನಡಿಗರೂ ಸೇರಿದ್ದ ಜಿಲ್ಲೆಯಲ್ಲಿ ವಕೀಲಿ ಮಾಡಿದ ಮನುಷ್ಯ ಆಗ ಅಧ್ಯಕ್ಷಪೀಠದಲ್ಲಿದ್ದದ್ದು ಸುಂದರವಾದ ಕಾಕತಾಳೀಯ. ಅದೇ ಜಿಲ್ಲೆಯ ತೊರಪಳ್ಳಿಯಲ್ಲಿ ಹುಟ್ಟಿ, ಹೊಸೂರು ಮತ್ತು ಬೆಂಗಳೂರಿನಲ್ಲಿ ಓದಿ, ಸೇಲಂನಲ್ಲಿ ವಕೀಲರಾದ ರಾಜಾಜಿಯವರಿಗೆ ಇವರು ಹಿರಿಯರಾಗಿದ್ದರು.

ವಿಜಯರಾಘವಾಚಾರ್ಯರು 1944ರ ಏಪ್ರಿಲ್ 19ರಂದು ತೀರಿಕೊಂಡರು, ತೊಂಬತ್ತೊಂದನೆಯ ವಯಸ್ಸಿನಲ್ಲಿ. ಅವರ ಕಾಲದ ದೊಡ್ಡ ಸೇಲಂ ಜಿಲ್ಲೆಯಿಂದ 1965ರಲ್ಲಿ ಧರ್ಮಪುರಿ ಬೇರೆಯಾಯಿತು, ಧರ್ಮಪುರಿಯಿಂದ 2004ರಲ್ಲಿ ಕೃಷ್ಣಗಿರಿ. ಹೊಸೂರು, ಡೆಂಕಣಿಕೋಟೆಗಳು ಈಗ ಆ ಮೂರನೆಯ ಜಿಲ್ಲೆಯಲ್ಲಿವೆ. ಅಂದು ಸರ್ಕಾರದ ಸಚಿವಾಲಯ ಇದ್ದ ಮದರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲೇ ಇಂದಿಗೂ ತಮಿಳುನಾಡಿನ ವಿಧಾನಸಭೆ ಸೇರುತ್ತದೆ.

ನಿಮ್ಮ ಶಾಸಕರ ಬಳಿ ಹೋಗುವುದಾದರೆ ಅಧಿವೇಶನ ಶುರುವಾದ ಮೇಲೆ ಹೋಗಬೇಡಿ, ನೋಟಿಸಿಗೆ ದಿನ ಬೇಕು. ಲೋಕಸಭೆಯಲ್ಲಿ ಹದಿನೈದು ಪೂರ್ಣ ದಿನ ಮೊದಲು ಕೊಡಬೇಕು, ವಿಧಾನಸಭೆಗಳಲ್ಲೂ ಅವುಗಳದೇ ಗಡುವು ಇರುತ್ತದೆ. ಸಂಸತ್ ಸದಸ್ಯರಾದರೆ ಚುಕ್ಕೆ ಗುರುತಿಲ್ಲದ ಪ್ರಶ್ನೆಯನ್ನೇ ಕೇಳಿಸಿ. ಲೋಕಸಭೆಯಲ್ಲಿ ಬಾಯಿಮಾತಿನ ಉತ್ತರಕ್ಕೆ ದಿನಕ್ಕೆ 20 ಪ್ರಶ್ನೆ, ಲಿಖಿತ ಉತ್ತರಕ್ಕೆ 230. ಪಟ್ಟಿ ಕೋಷ್ಟಕಗಳೆಲ್ಲ ಬರುವುದು ಲಿಖಿತ ಉತ್ತರದಲ್ಲೇ. ಪರಿಶೀಲಿಸಲಾಗುವುದು ಎಂದು ಉತ್ತರ ಬಂದರೆ ಅದನ್ನು ಎತ್ತಿಡಿ. ಸಂಸತ್ತಿನಲ್ಲಿ ಅಂಥ ಮಾತು ಭರವಸೆಯೆಂದು ದಾಖಲಾಗಿ, ಮೂರು ತಿಂಗಳಲ್ಲಿ ಈಡೇರಿತೇ ಎಂದು ನೋಡಲು ಸಮಿತಿಯಿದೆ. ಪತ್ರದಲ್ಲಿ ಶಾಲೆಯ ಹೆಸರಿನ ಜೊತೆಗೆ ಅದರ ಹನ್ನೊಂದು ಅಂಕಿಯ ಯುಡೈಸ್ ಸಂಖ್ಯೆಯನ್ನೂ ಬರೆಯಿರಿ. ನಮ್ಮ ಗಡಿಯಲ್ಲಿ ಒಂದೇ ಹೆಸರಿನ ಹಳ್ಳಿಗಳು ಒಂದಕ್ಕಿಂತ ಹೆಚ್ಚಿರುತ್ತವೆ, ತಪ್ಪಿದರೆ ಉತ್ತರ ಬೇರೆ ಊರಿನ ಶಾಲೆಯದು ಬರುತ್ತದೆ.