ತೋಟದ ಮರೆಯಲ್ಲಿ ಕುಳಿತ ತೇಜಸ್ವಿ

ಕನ್ನಡದ ಲೇಖಕರಲ್ಲಿ ತೋಟ ಮಾಡಿದವರು ಕೆಲವರಿದ್ದಾರೆ. ಹಕ್ಕಿಯನ್ನು ಕುರಿತು ಹಾಡಿದವರಂತೂ ಹಲವರು. ಆದರೆ ತಮ್ಮ ತೋಟದ ಮೂಲೆಯಲ್ಲಿ ಮರೆಯೊಂದನ್ನು ಕಟ್ಟಿಕೊಂಡು, ಕ್ಯಾಮರಾದ ಹಿಂದೆ ಸದ್ದಿಲ್ಲದೆ ಕುಳಿತು, ಒಂದು ಹಕ್ಕಿ ಬಂದು ಕೊಂಬೆಯ ಮೇಲೆ ಇಳಿಯುವವರೆಗೆ ಗಂಟೆಗಟ್ಟಲೆ ಕಾದವರೆಂದರೆ ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರಲ್ಲದೆ ಮತ್ತೊಬ್ಬರು ಸುಲಭವಾಗಿ ನೆನಪಿಗೆ ಬರುವುದಿಲ್ಲ. ಹೀಗೆ ಕಾದ ಗಂಟೆಗಳೆಲ್ಲ ಸಾಹಿತ್ಯಕ್ಕೆ ನಷ್ಟವಾದುವೆಂದು ಮರುಗುವ ಸಾಹಿತ್ಯಪ್ರಿಯರಿದ್ದಾರೆ. ಕಾದಂಬರಿ ಬರೆಯಬೇಕಾಗಿದ್ದ ಕೈ ಕ್ಯಾಮರಾವನ್ನೂ ಮೀನಿನ ಗಾಳವನ್ನೂ ಹಿಡಿದು ಹೊತ್ತು ಕಳೆಯಿತೆಂಬ ಈ ದೂರು ಮೇಲುನೋಟಕ್ಕೆ ಸರಿಯೆಂದೇ ತೋರುತ್ತದೆ. ಅದು ಎಷ್ಟರಮಟ್ಟಿಗೆ ನಿಜವೆಂಬುದನ್ನು ಅವರ ಬದುಕಿನಿಂದಲೇ ತಿಳಿಯಬೇಕು.

ತೇಜಸ್ವಿಯವರು ಜನಿಸಿದ್ದು 1938ನೆಯ ಇಸವಿ ಸೆಪ್ಟೆಂಬರ್ 8ರಂದು, ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ತಂದೆ ಕುವೆಂಪು, ತಾಯಿ ಹೇಮಾವತಿ. ಬೆಳೆದದ್ದು ಬಹುಮಟ್ಟಿಗೆ ಮೈಸೂರಿನ 'ಉದಯರವಿ'ಯಲ್ಲಿ. ಮಹಾಕವಿಯ ಮಗನಾಗಿ ಹುಟ್ಟುವುದು ಭಾಗ್ಯವೂ ಹೌದು, ಹೊರೆಯೂ ಹೌದು. ಅದರಲ್ಲಿಯೂ ಆ ಮಹಾಕವಿ ಮಲೆನಾಡಿನ ಕಾಡನ್ನೆಲ್ಲ ಆಗಲೇ ಹಾಡಿ ಮುಗಿಸಿರುವಾಗ ಮಗನಿಗೆ ಉಳಿಯುವುದೇನು? 'ಪಕ್ಷಿಕಾಶಿ' ಎಂದೇ ಒಂದು ಕವನ ಸಂಕಲನಕ್ಕೆ ಹೆಸರಿಟ್ಟ ಕವಿಗೆ ಕಾಜಾಣದ ದನಿ ಕೇಳಿದೊಡನೆ ಮನಸ್ಸು ಹಕ್ಕಿಯನ್ನು ದಾಟಿ ಅದರಾಚೆಗೆ, ವಿಶ್ವಚೇತನದತ್ತ ಏರುತ್ತಿತ್ತು. ಮಗ ಹಕ್ಕಿಯನ್ನು ದಾಟಿ ಹೋಗಲಿಲ್ಲ. ಆ ಹಕ್ಕಿ ಎಲ್ಲಿ ಗೂಡು ಕಟ್ಟುತ್ತದೆ, ಏನನ್ನು ತಿನ್ನುತ್ತದೆ, ಮರಿಗೆ ಎಷ್ಟು ಹೊತ್ತಿಗೊಮ್ಮೆ ಗುಟುಕು ತರುತ್ತದೆ ಎಂಬಲ್ಲಿಯೇ ಅವರ ಕುತೂಹಲ ನಿಂತುಕೊಂಡಿತು. ತಂದೆಮಕ್ಕಳ ಈ ವ್ಯತ್ಯಾಸವನ್ನು ಕೇವಲ ಸ್ವಭಾವಭೇದವೆಂದು ತಳ್ಳಿಹಾಕುವಂತಿಲ್ಲ. ಎರಡು ಕಾಲಗಳ ನೋಟವೇ ಅಲ್ಲಿ ಬೇರೆ ಬೇರೆಯಾಗಿದೆ.

ಮೈಸೂರಿನಲ್ಲಿ ಕನ್ನಡ ಎಂ. ಎ. ಮುಗಿಸಿದ ತರುಣನಿಗೆ ಅಧ್ಯಾಪಕ ವೃತ್ತಿ ಸಹಜವಾದ ದಾರಿ. ತೇಜಸ್ವಿಯವರು ಅದನ್ನು ಒಲ್ಲದೆ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯ ಕಡೆಗೆ ಹೋಗಿ ಕಾಫಿ ತೋಟ ಮಾಡಲು ನಿಂತರು. ಮೊದಲಿನ ತೋಟಕ್ಕೆ 'ಚಿತ್ರಕೂಟ'ವೆಂದು ಹೆಸರು; ಅನಂತರ ನೆಲೆಸಿದ್ದು 'ನಿರುತ್ತರ'ದಲ್ಲಿ. 1966ರಲ್ಲಿ ರಾಜೇಶ್ವರಿಯವರೊಡನೆ ನಡೆದ ಅವರ ಮದುವೆ ಆಡಂಬರವಿಲ್ಲದ ಮಂತ್ರಮಾಂಗಲ್ಯದ ಮದುವೆ. ಲೋಹಿಯಾ ವಿಚಾರಗಳ ಪ್ರಭಾವ, ಕಡಿದಾಳು ಶಾಮಣ್ಣ, ಎನ್. ಡಿ. ಸುಂದರೇಶ್ ಮೊದಲಾದ ಗೆಳೆಯರೊಡನೆ ಸಮಾಜವಾದಿ ಚಳವಳಿ, ರೈತರ ಹೋರಾಟ ಇವೆಲ್ಲ ಆ ಕಾಲದ ಕಥೆ; ಅದನ್ನು ವಿಸ್ತರಿಸಿ ಹೇಳಲು ಇದು ಸ್ಥಳವಲ್ಲ. ಆದರೆ ಒಂದು ಮಾತನ್ನು ಮರೆಯಬಾರದು. ಜನರ ಭಾಷೆಯಲ್ಲಿಯೇ ಜ್ಞಾನ ಬೆಳೆಯಬೇಕೆಂಬ ಲೋಹಿಯಾ ಅವರ ಹಟವನ್ನು ತೇಜಸ್ವಿಯವರು ಸಭೆಗಳಲ್ಲಿ ಮಾತ್ರ ಒಪ್ಪಿ ಬಂದವರಲ್ಲ. ಮುಂದೆ ಹಕ್ಕಿಗಳ ವಿಷಯಕ್ಕೆ ಬಂದಾಗ ಅದು ಫಲ ಕೊಟ್ಟಿತು.

1973ರಲ್ಲಿ 'ಅಬಚೂರಿನ ಪೋಸ್ಟಾಫೀಸು' ಹೊರಬಂದಾಗ ಅದರ ಮುನ್ನುಡಿಯಲ್ಲಿ ಅವರು ನವ್ಯದ ದಾರಿಯನ್ನು ಬಿಟ್ಟು ಹೊಸ ದಿಗಂತದ ಕಡೆಗೆ ಹೊರಟಿರುವುದಾಗಿ ಸಾರಿದರು. ವಿಮರ್ಶಕರು ಆ ಮುನ್ನುಡಿಯನ್ನು ಬಹಳ ಚರ್ಚಿಸಿದರು. ತನ್ನೊಳಗನ್ನೇ ಬಗೆದು ನೋಡುತ್ತಿದ್ದ ಸಾಹಿತ್ಯದಿಂದ ಬೇಸತ್ತವನಿಗೆ ಹೊರಗನ್ನು ನೋಡುವ ಹೊಸ ಕಣ್ಣು ಎಲ್ಲಿಂದ ಬರಬೇಕು ಎಂದು ಕೇಳಿದವರು ಮಾತ್ರ ಕಡಮೆ. ನನ್ನ ಎಣಿಕೆಯಲ್ಲಿ ಆ ಕಣ್ಣನ್ನು ಹದಗೊಳಿಸಿದ್ದರಲ್ಲಿ ತೋಟಕ್ಕೂ ಕ್ಯಾಮರಾಕ್ಕೂ ದೊಡ್ಡ ಪಾಲಿದೆ.

ಮಲೆನಾಡಿನ ಕಾಫಿ ತೋಟವೆಂದರೆ ಬಯಲುಸೀಮೆಯವರು ಊಹಿಸಿಕೊಳ್ಳುವ ತೋಟವಲ್ಲ. ಮೇಲೆ ಹಲಸು, ಅತ್ತಿ, ಮತ್ತಿ, ನಂದಿಯಂಥ ಕಾಡುಮರಗಳ ನೆರಳು, ಆ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಆಳೆತ್ತರದ ಕಾಫಿ ಗಿಡ, ಇಳಿಜಾರಿನಲ್ಲಿ ಹಳ್ಳ. ಅರ್ಧ ಕಾಡು, ಅರ್ಧ ಕೃಷಿ. ಅತ್ತಿಯ ಹಣ್ಣಾದರೆ ಕುಟ್ರಹಕ್ಕಿ, ಮಂಗಟ್ಟೆ, ಪಿಕಳಾರಗಳ ಸಂತೆಯೇ ನೆರೆಯುತ್ತದೆ. ಹಳ್ಳದ ಬದಿಯಲ್ಲಿ ಮಿಂಚುಳ್ಳಿ, ನಸುಕಿನಲ್ಲಿ ಸಿಳ್ಳಾರದ ಸಿಳ್ಳು. ಇಷ್ಟೆಲ್ಲ ಇದ್ದರೂ ಚಿತ್ರ ತೆಗೆಯುವವನಿಗೆ ಇದು ಕಷ್ಟದ ಜಾಗ. ಮರಗಳ ಅಡಿಯಲ್ಲಿ ಬೆಳಕು ಸಾಲದು; ಹಕ್ಕಿಯ ಹಿಂದೆ ಎಲೆಗಳ ಸಂದಿಯಿಂದ ಆಕಾಶದ ಬಿಳುಪು ಕಣ್ಣು ಕುಕ್ಕುತ್ತದೆ; ಮಳೆಗಾಲದ ನಾಲ್ಕು ತಿಂಗಳ ತೇವಕ್ಕೆ ಮಸೂರಗಳ ಒಳಗೇ ಬೂಷ್ಟು ಹಿಡಿಯುತ್ತದೆ.

ಅಂದಿನ ಕ್ಯಾಮರಾ ಇಂದಿನದಲ್ಲವೆಂಬುದನ್ನು ಎಳೆಯ ಓದುಗರು ಗಮನಿಸಬೇಕು. ಒಂದು ಫಿಲಂ ಸುರುಳಿಯಲ್ಲಿ 36 ಚಿತ್ರಗಳು; ಸುರುಳಿ ಮುಗಿದು, ತೊಳೆದು ಬರುವವರೆಗೆ ಚಿತ್ರ ಬಂದಿದೆಯೋ ಇಲ್ಲವೋ ತಿಳಿಯುವಂತಿರಲಿಲ್ಲ. ಪ್ರತಿಯೊಂದು ಒತ್ತುವಿಕೆಗೂ ಹಣ ತೆರಬೇಕಾಗಿದ್ದುದರಿಂದ ಒತ್ತುವ ಮೊದಲು ನೋಡುವುದು ಅನಿವಾರ್ಯವಾಗಿತ್ತು. ಹಕ್ಕಿ ಯಾವ ಕೊಂಬೆಗೆ ಮೊದಲು ಬರುತ್ತದೆ, ಅಲ್ಲಿಂದ ಗೂಡಿಗೆ ಹೇಗೆ ಇಳಿಯುತ್ತದೆ, ಎಷ್ಟು ಗಂಟೆಗೆ ಬಿಸಿಲು ಅಲ್ಲಿಗೆ ತಲಪುತ್ತದೆ ಎಂಬುದನ್ನೆಲ್ಲ ದಿನಗಟ್ಟಲೆ ಅರಿತ ಮೇಲೆಯೇ ಕ್ಯಾಮರಾಕ್ಕೆ ಕೆಲಸ.

ಮರೆಯಲ್ಲಿ ಕೂಡುವ ಈ ವಿದ್ಯೆ ಹಳೆಯದು. ಇಂಗ್ಲೆಂಡಿನಲ್ಲಿ ರಿಚರ್ಡ್ ಮತ್ತು ಚೆರಿ ಕೀರ್ಟನ್ ಎಂಬ ಸೋದರರು 1895ರಲ್ಲಿಯೇ ಹಕ್ಕಿಗೂಡುಗಳ ಛಾಯಾಚಿತ್ರಗಳ ಪುಸ್ತಕವನ್ನು ಪ್ರಕಟಿಸಿದರು. ಹಕ್ಕಿಗಳು ಹೆದರದಿರಲೆಂದು ಟೊಳ್ಳಾದ ಎತ್ತಿನ ಗೊಂಬೆಯೊಂದನ್ನು ಮಾಡಿಸಿ, ಅದರ ಹೊಟ್ಟೆಯೊಳಗೆ ಕ್ಯಾಮರಾ ಸಮೇತ ಅಡಗಿಕೊಳ್ಳುತ್ತಿದ್ದರು. ಮೂಡಿಗೆರೆಯ ತೋಟದಲ್ಲಿ ಎತ್ತಿನ ಗೊಂಬೆಯ ಅಗತ್ಯವಿರಲಿಲ್ಲ. ಆದರೆ ಇಕ್ಕಟ್ಟು, ಸೊಳ್ಳೆ, ಜಿಗಣೆ ಇವುಗಳ ನಡುವೆ ಅಲುಗದೆ ಕೂಡುವ ತಪಸ್ಸು ಅಲ್ಲಿಯೂ ಒಂದೇ, ಇಲ್ಲಿಯೂ ಒಂದೇ.

ಎಳೆಯ ವಯಸ್ಸಿನಲ್ಲಿ ತೇಜಸ್ವಿಯವರು ಕೋವಿ ಹಿಡಿದು ಕಾಡು ಅಲೆದವರೆಂಬುದನ್ನು ಬಚ್ಚಿಡಬೇಕಾಗಿಲ್ಲ, ಅವರೂ ಬಚ್ಚಿಡಲಿಲ್ಲ. 'ಪರಿಸರದ ಕಥೆ'ಯಲ್ಲಿ ಶಿಕಾರಿಯ ಪ್ರಸಂಗಗಳನ್ನು ನಗುತ್ತ ಹೇಳಿಕೊಂಡಿದ್ದಾರೆ. ಅಲ್ಲಿ ಬರುವ 'ಕಿವಿ' ಎಂಬ ನಾಯಿಯನ್ನು ಓದಿದವರಾರೂ ಮರೆಯಲಾರರು. ಬೇಟೆಗಾರನೂ ಛಾಯಾಗ್ರಾಹಕನೂ ಕಾಯುವುದು ಒಂದೇ ಬಗೆಯಲ್ಲಿ. ಪ್ರಾಣಿಯ ಜಾಡನ್ನು ಅರಿಯದೆ ಇಬ್ಬರಿಗೂ ಗತಿಯಿಲ್ಲ. ಆದರೆ ಬೇಟೆಗಾರನ ಅರಿವು ಗುಂಡು ಹಾರಿದೊಡನೆ ಮುಗಿಯುತ್ತದೆ. ಚಿತ್ರ ತೆಗೆದವನ ಹಕ್ಕಿ ಮರುದಿನವೂ ಅದೇ ಕೊಂಬೆಗೆ ಬಂದು, ನಿನ್ನೆ ಕಾಣದಿದ್ದ ಮತ್ತೊಂದನ್ನು ತೋರಿಸುತ್ತದೆ. ಇನ್ನೊಂದು ತೊಡಕೂ ಇತ್ತು. ಕಾಫಿ ತೋಟವೆಂಬುದೇ ಹಿಂದೊಮ್ಮೆ ಕಾಡನ್ನು ತೆರವು ಮಾಡಿದ ನೆಲ. ಕಾಡನ್ನು ಪ್ರೀತಿಸುವವನು ಅದರ ಬೆಲೆಯಲ್ಲಿಯೇ ಬದುಕಬೇಕಾದ ಈ ಇಕ್ಕಟ್ಟನ್ನು ರೈತನಾದ ತೇಜಸ್ವಿಯವರು ಬಲ್ಲರು. ಪೇಟೆಯ ನಿಸರ್ಗಪ್ರೇಮಿಗಳ ಕಣ್ಣೀರು ಅವರ ಬರಹದಲ್ಲಿ ಕಾಣದಿರುವುದಕ್ಕೆ ಇದೇ ಕಾರಣವಾಗಿರಬೇಕು.

1980ರಲ್ಲಿ 'ಕರ್ವಾಲೊ' ಬಂದಿತು. ಪಶ್ಚಿಮಘಟ್ಟದ ಮರಗಳಲ್ಲಿ, ಘಟ್ಟದ ಕೆಳಗಿನ ಅಡಕೆ ತೋಟಗಳಲ್ಲಿ ಇಂದಿಗೂ ಕಾಣಸಿಗುವ ಹಾರುವ ಓತಿಯೊಂದು ಆ ಕಾದಂಬರಿಯ ಕೇಂದ್ರ. ಪಕ್ಕೆಲುಬುಗಳನ್ನು ಅಗಲಿಸಿ, ಅವುಗಳ ನಡುವಿನ ತೊಗಲನ್ನು ಕೊಡೆಯಂತೆ ಬಿಚ್ಚಿ, ಮರದಿಂದ ಮರಕ್ಕೆ ತೇಲುವ ಈ ಗೇಣುದ್ದದ ಜೀವಿಯನ್ನು ಹುಡುಕಿಕೊಂಡು ಒಂದು ವಿಚಿತ್ರ ತಂಡ ಕಾಡು ಹೊಗುತ್ತದೆ. ವಿಜ್ಞಾನಿ ಇದ್ದಾನೆ, ಅಡುಗೆಯವನಿದ್ದಾನೆ, ನಾಯಿ ಇದೆ. ಪ್ರಭಾಕರನೆಂಬ ಛಾಯಾಗ್ರಾಹಕನೂ ಇದ್ದಾನೆ. ಆದರೆ ಆ ಓತಿಯನ್ನು ಮೊದಲು ಕಂಡವನು, ಕಾಣಬಲ್ಲವನು, ಜೇನು ಹುಡುಕುತ್ತ ಅಲೆಯುವ ಮಂದಣ್ಣ. ಊರಿನವರ ಕಣ್ಣಿಗೆ ಅವನು ಯಾವ ಕೆಲಸಕ್ಕೂ ಬಾರದವನು. ಅಂಥವನಲ್ಲಿ ಒಬ್ಬ ನಿಸರ್ಗವಿಜ್ಞಾನಿಯನ್ನು ಗುರುತಿಸಲು ಕರ್ವಾಲೊನಂಥ ಕಣ್ಣು ಬೇಕು. ಕೊನೆಗೆ ಓತಿ ಕೈಗೆ ಸಿಕ್ಕದೆ ಕಣಿವೆಯ ಆಳಕ್ಕೆ ತೇಲಿಹೋಗುತ್ತದೆ. ಬೇಟೆಯ ಕಥೆಗೆ ಇದು ಸೋಲು. ಮರೆಯಲ್ಲಿ ಕುಳಿತು ಅಭ್ಯಾಸವಾದವನಿಗೆ, ಕಂಡದ್ದೇ ಸಾಕೆಂಬುದು ದಿನದಿನದ ಅನುಭವ. ಆ ಮರೆಯಲ್ಲಿ ಕಾಯದ ಕೈ ಈ ಕೊನೆಯ ಪುಟಗಳನ್ನು ಬರೆಯುತ್ತಿತ್ತೆಂದು ನನಗೆ ನಂಬುಗೆಯಿಲ್ಲ. ಸಾಹಿತ್ಯಕ್ಕೆ ನಷ್ಟವಾಯಿತೆನ್ನುವವರು ಇದನ್ನು ಯಾವ ಖಾತೆಗೆ ಬರೆಯುತ್ತಾರೋ!

ಇನ್ನು ಹಕ್ಕಿಗಳ ಪುಸ್ತಕಗಳ ಮಾತು. ಸಲೀಂ ಅಲಿಯವರ ಭಾರತದ ಹಕ್ಕಿಗಳ ಗ್ರಂಥ 1941ರಲ್ಲಿಯೇ ಇಂಗ್ಲಿಷಿನಲ್ಲಿ ಬಂದಿತ್ತು. ಇಂಗ್ಲಿಷ್ ಬಾರದ ಹಳ್ಳಿಯ ಹುಡುಗನಿಗೆ ಅದರಿಂದ ಆಗುವುದೇನು? ನಮ್ಮ ಭಾಷೆಯ ವಿಚಿತ್ರವನ್ನು ನೋಡಿರಿ: ನವಿಲನ್ನು ಕಂಡು ಪುಕ್ಕ ತರಿದುಕೊಂಡ ಕೆಂಬೂತದ ಗಾದೆ ಪ್ರತಿಯೊಬ್ಬ ಕನ್ನಡಿಗನ ನಾಲಗೆಯ ಮೇಲಿದೆ. ಬೇಲಿಯ ಬುಡದಲ್ಲಿ ಕಂದು ರೆಕ್ಕೆಯ, ಕೆಂಗಣ್ಣಿನ ಆ ಕಪ್ಪು ಹಕ್ಕಿ ಹೆಜ್ಜೆ ಹಾಕುತ್ತಿದ್ದರೆ ಇದೇ ಕೆಂಬೂತವೆಂದು ಬೆರಳು ಮಾಡಿ ತೋರಿಸಬಲ್ಲ ವಿದ್ಯಾವಂತರು ಎಷ್ಟು ಮಂದಿ? ಹೆಸರು ಒಂದು ಕಡೆ, ಹಕ್ಕಿ ಒಂದು ಕಡೆ ಆಗಿಹೋಗಿರುವ ಈ ಅಗಲಿಕೆಯನ್ನು ತೇಜಸ್ವಿಯವರ 'ಮಿಂಚುಳ್ಳಿ', 'ಹೆಜ್ಜೆ ಮೂಡದ ಹಾದಿ', 'ಹಕ್ಕಿಪುಕ್ಕ' ಮೊದಲಾದ ಪುಸ್ತಕಗಳು ಕಳೆಯಲು ಹೊರಟುವು. ಪಾಂಡಿತ್ಯದ ಪರಿಭಾಷೆ ಇಲ್ಲ. ಬೇಲಿಯಾಚೆ ನಿಂತು ನೆರೆಯವನೊಡನೆ ಮಾತನಾಡುವ ಧಾಟಿ. ಅವರ ಛಾಯಾಚಿತ್ರಗಳ 'ಮಾಯೆಯ ಮುಖಗಳು' ಎಂಬ ಪುಸ್ತಕವನ್ನೂ ಇವುಗಳ ಜೊತೆಯಲ್ಲಿಟ್ಟು ನೋಡಬೇಕು.

ಮೂಡಿಗೆರೆಯ ಮಳೆಕಾಡಿನ ಮಾತು ನಮಗೇಕೆಂದು ಭೀಮಾತೀರದ ಓದುಗರು ಕೇಳಬಹುದು. ಅಬ್ಬೆತುಮಕೂರಿನಂಥ ಊರಿನ ಸುತ್ತ ಮಂಗಟ್ಟೆಯಿಲ್ಲ, ಸಿಳ್ಳಾರವಿಲ್ಲ. ತೊಗರಿ, ಜೋಳದ ಹೊಲ, ಬೇವಿನ ಮರ, ಬಂಡೆಗುಡ್ಡ. ಆದರೆ ಹೊಲದ ಬದುವಿನಲ್ಲಿ ಗೌಜುಗ ಕೂಗುತ್ತದೆ, ಕೆರೆಯಂಚಿನಲ್ಲಿ ಟಿಟ್ಟಿಭ ಬರಿನೆಲದ ಮೇಲೆ ಮೊಟ್ಟೆಯಿಟ್ಟು ಹತ್ತಿರ ಬಂದವರ ಮೇಲೆ ಅರಚುತ್ತ ಎರಗುತ್ತದೆ, ತಂತಿಯ ಮೇಲೆ ಸುಮ್ಮನೆ ಕುಳಿತ ನೀಲಕಂಠ ರೆಕ್ಕೆ ಬಿಚ್ಚಿದೊಡನೆ ಬಿಸಿಲೆಲ್ಲ ನೀಲಿಯಾಗುತ್ತದೆ. ತೇಜಸ್ವಿಯವರು ನೋಡಿದ್ದು ತಮ್ಮ ಮನೆಯ ಸುತ್ತಣದನ್ನು. ಅವರ ಪುಸ್ತಕವನ್ನು ಓದಿದ ಹುಡುಗ ನೋಡಬೇಕಾದದ್ದೂ ತನ್ನ ಮನೆಯ ಸುತ್ತಣದನ್ನೇ.

ಪ್ರಶಸ್ತಿಗಳು ಬಂದುವು: 'ಚಿದಂಬರ ರಹಸ್ಯ'ಕ್ಕೆ 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, ಮುಂದೆ ಪಂಪ ಪ್ರಶಸ್ತಿ. ಕೆನೆತ್ ಆಂಡರ್ಸನ್, ಜಿಮ್ ಕಾರ್ಬೆಟ್ ಇವರ ಕಾಡಿನ ಕಥೆಗಳನ್ನು ಕನ್ನಡಕ್ಕೆ ತಂದರು. ಇಷ್ಟರ ನಡುವೆ ಅವರು ಊರು ಬದಲಿಸಲಿಲ್ಲ. ಕಾಣಬೇಕೆಂದವರು ಘಟ್ಟದ ದಾರಿ ಹಿಡಿದು ನಿರುತ್ತರಕ್ಕೇ ಹೋಗಬೇಕಾಗಿತ್ತು.

2007ರ ಏಪ್ರಿಲ್ 5ರಂದು ಆ ಮನೆಯಲ್ಲಿಯೇ ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 68 ವರ್ಷ. ಅಂತ್ಯಕ್ರಿಯೆ ನಡೆದದ್ದು ಕುಪ್ಪಳಿಯಲ್ಲಿ. ಅವರೊಡನೆ ಕಳೆದ ದಿನಗಳನ್ನು ರಾಜೇಶ್ವರಿಯವರು 'ನನ್ನ ತೇಜಸ್ವಿ' ಎಂಬ ಪುಸ್ತಕದಲ್ಲಿ ಬರೆದಿಟ್ಟರು. ಅವರೂ 2021ರಲ್ಲಿ ಕಾಲವಾದರು. ಮೂಡಿಗೆರೆ ತಾಲ್ಲೂಕಿನ ಕೊಟ್ಟಿಗೆಹಾರದಲ್ಲಿ ತೇಜಸ್ವಿಯವರ ಹೆಸರಿನ ಪ್ರತಿಷ್ಠಾನವಿದೆ. ಕುಪ್ಪಳಿಗೆ ಹೋದವರು ಕವಿಶೈಲದಲ್ಲಿ ತಂದೆಯ ಸಮಾಧಿಯನ್ನು ಕಂಡು, ಅಲ್ಲಿಗೆ ಸಮೀಪದಲ್ಲಿ ಮರಗಳ ನಡುವೆ ಇರುವ ಮಗನ ಸ್ಮಾರಕವನ್ನೂ ನೋಡಿ ಬರುತ್ತಾರೆ.